ಬೋಟಿನ ಮೀಟರುಗಳ ಲೆಕ್ಕ ತಾಳೆಯಾಗದಿದ್ದಾಗ: ಆಂಪ್ ಮತ್ತು ವ್ಯಾಟ್ ಓದುವ ಬಗೆ

ಸೋಲಾರ್ ಕಂಟ್ರೋಲರಿನ ಪರದೆಯಲ್ಲಿ 12 ಆಂಪ್. ಬ್ಯಾಟರಿ ಮಾನಿಟರಿನಲ್ಲಿ 7.5. ಪ್ಯಾನೆಲಿನಿಂದ ಇಳಿದು ಬರುವ ತಂತಿಗೆ ಕ್ಲ್ಯಾಂಪ್ ಮೀಟರ್ (ತಂತಿಯನ್ನು ದವಡೆಯಲ್ಲಿ ಹಿಡಿದು ಕರೆಂಟ್ ಓದುವ ಮೀಟರು) ಹಾಕಿ ನೋಡಿದರೆ 4.6. ಯಾವುದೋ ಮೀಟರು ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮುನ್ನ ಒಮ್ಮೆ ಲೆಕ್ಕ ಹಾಕಿ ನೋಡಿ. ಮೂರೂ ಸರಿಯಾಗಿರುವ ಸಾಧ್ಯತೆಯೇ ಹೆಚ್ಚು.

ಸರಣಿಯಲ್ಲಿ ಜೋಡಿಸಿದ ಎರಡು ಪ್ಯಾನೆಲುಗಳು 37 ವೋಲ್ಟಿನಲ್ಲಿ 4.6 ಆಂಪ್ ಕೊಡುತ್ತಿವೆ, ಎರಡನ್ನೂ ಗುಣಿಸಿದರೆ 170 ವ್ಯಾಟ್. ಪ್ಯಾನೆಲಿನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಪರಿವರ್ತಿಸುವ ಎಂಪಿಪಿಟಿ ಕಂಟ್ರೋಲರ್ ಅದನ್ನು 13.6 ವೋಲ್ಟಿಗೆ ಇಳಿಸಿ, ಅದರಲ್ಲಿ ಶೇ. 4ರಷ್ಟನ್ನು ಶಾಖವಾಗಿ ಕಳೆದು, 163 ವ್ಯಾಟ್ ಹೊರಕ್ಕೆ ಬಿಡುತ್ತಿದೆ. ಅದು 12 ಆಂಪ್. ಆ ಹೊತ್ತಿಗೆ ಫ್ರಿಜ್ಜಿನ ಕಂಪ್ರೆಸರ್ ಓಡುತ್ತಿದ್ದು 4.5 ಆಂಪ್ ನುಂಗುತ್ತಿದೆ. ಬ್ಯಾಟರಿಗೆ ದಕ್ಕುವುದು ಉಳಿದ 7.5.

ಇಡೀ ವಿಷಯದ ತಿರುಳು ಇಷ್ಟೇ: ನಡುವೆ ಕವಲಿಲ್ಲದ ಒಂದೇ ತಂತಿಯಲ್ಲಿ ಆಂಪ್‌ಗೆ ಆಂಪ್ ಹೋಲಿಸಬೇಕು. ನಡುವೆ ಕಂಟ್ರೋಲರ್, ಇನ್ವರ್ಟರ್, ಚಾರ್ಜರ್, 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್, ಇಂಥದ್ದೇನಾದರೂ ಕೂತಿದ್ದರೆ ಅದರ ಆಚೀಚೆ ವ್ಯಾಟ್‌ಗೆ ವ್ಯಾಟ್ ಹೋಲಿಸಬೇಕು. ಇದನ್ನು ಅದಲುಬದಲು ಮಾಡಿದಾಗಲೇ ಮುಕ್ಕಾಲು ಪಾಲು ಗೊಂದಲ ಹುಟ್ಟುವುದು.

ಹಳೆಯ ಮಾದರಿಯ ಪಿಡಬ್ಲ್ಯುಎಂ ಕಂಟ್ರೋಲರ್ ಇದಕ್ಕೆ ಹೊರತು. ಅದು ವೋಲ್ಟೇಜ್ ಪರಿವರ್ತಿಸುವುದಿಲ್ಲ, ಪ್ಯಾನೆಲನ್ನು ಬ್ಯಾಟರಿಗೆ ಜೋಡಿಸಿ ಬಿಡಿಸಿ ಮಾಡುತ್ತದೆ ಅಷ್ಟೆ. ಅದರ ಎರಡೂ ಕಡೆ ಆಂಪ್ ಒಂದೇ. 18 ವೋಲ್ಟಿನಲ್ಲಿ 5.56 ಆಂಪ್ ಎಂದು ಲೆಕ್ಕ ಹಾಕಿ 100 ವ್ಯಾಟ್ ಎಂದು ಬರೆದ ಪ್ಯಾನೆಲು 13 ವೋಲ್ಟಿನ ಬ್ಯಾಟರಿಗೆ ಪಿಡಬ್ಲ್ಯುಎಂ ಮೂಲಕ ಸುಮಾರು 72 ವ್ಯಾಟ್ ಕೊಡುತ್ತದೆ. ಉಳಿದ 28 ವ್ಯಾಟ್ ಸೋರಿಲ್ಲ, ಹುಟ್ಟಿಯೇ ಇಲ್ಲ.

ಅಳೆಯುವ ಮುನ್ನ

ಉಂಗುರ, ಲೋಹದ ಗಡಿಯಾರ, ಕತ್ತಿನ ಸರ ತೆಗೆದಿಡಿ. 12 ವೋಲ್ಟು ಮೈಗೆ ಹೊಡೆಯುವುದಿಲ್ಲ, ನಿಜ. ಆದರೆ ಉಂಗುರಕ್ಕೂ ಸ್ಪ್ಯಾನರಿಗೂ ನಡುವೆ ಬ್ಯಾಟರಿ ಶಾರ್ಟ್ ಆದರೆ ಬೆರಳು ಸುಟ್ಟುಹೋಗುತ್ತದೆ. 230 ವೋಲ್ಟಿನ ಕಡೆಯ ಪೆಟ್ಟಿಗೆಯನ್ನು ಬಿಚ್ಚಬೇಕಾದರೆ ದಡದ ಕರೆಂಟಿನ ಪ್ಲಗ್ ಕಿತ್ತು, ಇನ್ವರ್ಟರನ್ನೂ ಆರಿಸಿ. ಬರೀ ಪ್ಲಗ್ ಕಿತ್ತರೆ ಇನ್ವರ್ಟರು ತಾನಾಗಿ ಚಾಲೂ ಆಗಿ ಅದೇ ತಂತಿಗೆ 230 ಕೊಡಬಹುದು.

ಬೇಕಾಗುವ ಸಲಕರಣೆ ಎರಡೇ: ಮಿಲಿವೋಲ್ಟ್ ಓದುವ ಮಲ್ಟಿಮೀಟರ್, ಮತ್ತು ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್. ಕೊನೆಯದನ್ನು ಕೊಳ್ಳುವಾಗ ಎಚ್ಚರ. ಅಗ್ಗದ ಕ್ಲ್ಯಾಂಪುಗಳಲ್ಲಿ ಅನೇಕವು ಎಸಿ ಮಾತ್ರ ಅಳೆಯುತ್ತವೆ, ಡಿಸಿ ತಂತಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ. ಕಾಂತಕ್ಷೇತ್ರವನ್ನು ಗ್ರಹಿಸುವ ಹಾಲ್ ಸೆನ್ಸರ್ ಇರುವ, ಡಿಸಿ ಆಂಪ್ ಎಂದು ಸ್ಪಷ್ಟವಾಗಿ ಬರೆದಿರುವ ಮೀಟರೇ ಆಗಬೇಕು.

ಮಲ್ಟಿಮೀಟರಿನ 10 ಆಂಪ್ ತೂತಿನ ಮೂಲಕ ಕರೆಂಟ್ ಅಳೆಯುವ ಆಸೆಯನ್ನು ಬಿಡುವುದು ಒಳ್ಳೆಯದು. ಪಂಪಿನ ಆರಂಭದ ಎಳೆತಕ್ಕೇ ಅದರ ಫ್ಯೂಸ್ ಹಾರಬಹುದು. ಅದಕ್ಕಿಂತ ಕೆಟ್ಟದ್ದು, ಕೆಂಪು ತಂತಿಯನ್ನು ಆಂಪ್ ತೂತಿನಲ್ಲೇ ಮರೆತು ಮುಂದಿನ ಸಲ ವೋಲ್ಟೇಜ್ ನೋಡಲು ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಮುಟ್ಟಿಸುವುದು. ಆಗ ಮೀಟರಿನ ಮೂಲಕ ಬ್ಯಾಟರಿ ಶಾರ್ಟ್ ಆಗುತ್ತದೆ.

ಕ್ಲ್ಯಾಂಪ್ ಮೀಟರನ್ನು ನಂಬುವ ಮೊದಲು

ಡಿಸಿ ಕ್ಲ್ಯಾಂಪು ಕಾಂತಕ್ಷೇತ್ರವನ್ನು ಓದುತ್ತದೆ. ಭೂಮಿಯದ್ದು, ಪಕ್ಕದ ಸ್ಪೀಕರಿನದ್ದು, ಎಂಜಿನ್ನಿನ ಕಬ್ಬಿಣದ್ದು, ಹಿಂದಿನ ಸಲ ಸ್ಟಾರ್ಟರ್ ಕೇಬಲಿಗೆ ಹಾಕಿದಾಗ ಅದರ ದವಡೆಯಲ್ಲೇ ಉಳಿದುಕೊಂಡದ್ದು, ಎಲ್ಲವೂ ಓದಿನಲ್ಲಿ ಸೇರುತ್ತವೆ. ಹಾಗಾಗಿ ಅಳೆಯುವ ಜಾಗದಲ್ಲೇ, ಅಳೆಯುವಾಗ ಹಿಡಿಯುವ ಭಂಗಿಯಲ್ಲೇ, ತಂತಿ ಒಳಗಿಲ್ಲದಂತೆ ದವಡೆ ಮುಚ್ಚಿ ಸೊನ್ನೆ ಒತ್ತಿ. ಮೇಜಿನ ಮೇಲೆ ಸೊನ್ನೆ ಮಾಡಿ ಬ್ಯಾಟರಿ ಪೆಟ್ಟಿಗೆಗೆ ಇಳಿದರೆ ಅರ್ಧ ಆಂಪ್ ಆಗಲೇ ತಪ್ಪಿರಬಹುದು.

ಸಂಶಯವಿದ್ದರೆ ಎರಡು ಸಲ ಅಳೆಯಿರಿ: ಒಮ್ಮೆ ನೇರ, ಒಮ್ಮೆ ಕ್ಲ್ಯಾಂಪನ್ನು ತಿರುಗಿಸಿ. ಮೊದಲು +5.6, ಆಮೇಲೆ −5.0 ಬಂತು ಎನ್ನಿ. ನಿಜವಾದ ಕರೆಂಟ್ ಎರಡರ ಸರಾಸರಿ 5.3, ಮೀಟರಿನ ಸೊನ್ನೆ 0.3ರಷ್ಟು ಜರುಗಿದೆ ಎಂದರ್ಥ.

400 ಆಂಪ್ ವ್ಯಾಪ್ತಿಯ ಮೀಟರಿನಲ್ಲಿ 1 ಆಂಪ್ ಅಳೆಯುವುದು ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ. ನಿಖರತೆಯ ಪಟ್ಟಿಯಲ್ಲಿ ಶೇ. 2 ಜೊತೆಗೆ 5 ಅಂಕಿ ಎಂದಿದ್ದು, ಪರದೆಯ ಕೊನೆಯ ಅಂಕಿ 0.1 ಆಂಪ್ ಆಗಿದ್ದರೆ, ಆ 5 ಅಂಕಿಯೇ ಅರ್ಧ ಆಂಪ್. 1 ಆಂಪ್ ಹರಿಯುವಲ್ಲಿ ಅದು 0.5 ಎಂದರೂ 1.5 ಎಂದರೂ ಮೀಟರ್ ತನ್ನ ಮಾತಿಗೆ ತಪ್ಪಿಲ್ಲ. ಸಣ್ಣ ಕರೆಂಟಿಗೆ ಒಂದು ಉಪಾಯ: ಉದ್ದನೆಯ ತೆಳು ತಂತಿಯನ್ನು ದವಡೆಯೊಳಗೆ ಒಂದೇ ದಿಕ್ಕಿನಲ್ಲಿ ಐದು ಸಲ ತೂರಿಸಿ ಸುತ್ತಿ, ಬಂದ ಓದನ್ನು 5ರಿಂದ ಭಾಗಿಸಿ.

ದವಡೆಯೊಳಗೆ ಒಂದೇ ತಂತಿ ಇರಬೇಕು. ಹೋಗುವುದೂ ಬರುವುದೂ ಎರಡೂ ಒಳಗಿದ್ದರೆ ಸೊನ್ನೆ ಬರುತ್ತದೆ. ಹಾಗೆ ಸೊನ್ನೆ ಬರದಿದ್ದರೆ ಅದೂ ಒಂದು ಸುಳಿವೇ. ಹೋದ ಕರೆಂಟಿನ ಒಂದಂಶ ಬೇರೆ ದಾರಿಯಲ್ಲಿ ವಾಪಸಾಗುತ್ತಿದೆ.

ಶಂಟ್ ಹೇಳುವ ಸುಳ್ಳು

ಬ್ಯಾಟರಿ ಮಾನಿಟರು ಕರೆಂಟನ್ನು ನೇರವಾಗಿ ಅಳೆಯುವುದಿಲ್ಲ. ನೆಗೆಟಿವ್ ದಾರಿಯಲ್ಲಿ ಕೂತ ಶಂಟ್ ಎಂಬ ಲೋಹದ ಪಟ್ಟಿಯ ಎರಡು ತುದಿಗಳ ನಡುವಿನ ಮಿಲಿವೋಲ್ಟನ್ನು ಓದಿ ಗುಣಿಸುತ್ತದೆ. 500 ಆಂಪ್/50 ಮಿಲಿವೋಲ್ಟ್ ಎಂದು ಕೆತ್ತಿದ ಶಂಟಿನ ರೋಧ ಬರೀ 0.1 ಮಿಲಿಓಮ್. 10 ಆಂಪ್ ಹರಿದರೆ ಅಲ್ಲಿ ಹುಟ್ಟುವುದು 1 ಮಿಲಿವೋಲ್ಟ್. ಇಷ್ಟು ಚಿಕ್ಕ ಸಂಖ್ಯೆಯ ಮೇಲೆ ಇಡೀ ಲೆಕ್ಕ ನಿಂತಿದೆ ಎಂಬುದನ್ನು ಮರೆಯಬೇಡಿ.

ಇಲ್ಲಿ ತಪ್ಪು ಹುಟ್ಟುವ ದಾರಿಗಳು ಬೇರೆ ಬೇರೆ, ಪ್ರತಿಯೊಂದೂ ಬಿಟ್ಟುಹೋಗುವ ಗುರುತೂ ಬೇರೆ. ಅದನ್ನು ಹಿಡಿಯಲು ಮೂರು ಬೇರೆ ಬೇರೆ ಲೋಡಿನಲ್ಲಿ, ಸುಮಾರು 2, 10 ಮತ್ತು 40 ಆಂಪಿನಲ್ಲಿ, ಮಾನಿಟರ್ ಮತ್ತು ಕ್ಲ್ಯಾಂಪ್ ಎರಡನ್ನೂ ಬರೆದುಕೊಳ್ಳಿ. ಕ್ಲ್ಯಾಂಪನ್ನು ಶಂಟಿಗೆ ಹೋಗುವ ದಪ್ಪ ಕೇಬಲಿಗೇ ಹಾಕಿ.

ಮೂರರಲ್ಲೂ ಒಂದೇ ಪ್ರಮಾಣದ ತಪ್ಪು ಬಂದರೆ, ಉದಾಹರಣೆಗೆ 5, 25, 100 ಎಂದು ಎರಡೂವರೆ ಪಟ್ಟು, ಮಾನಿಟರಿನ ಸೆಟ್ಟಿಂಗ್ ತಪ್ಪಿದೆ. ಅಲ್ಲಿರುವುದು 200 ಆಂಪ್/50 ಮಿಲಿವೋಲ್ಟ್ ಶಂಟ್, ಮಾನಿಟರಿಗೆ ಹೇಳಿರುವುದು 500/50. ಶಂಟಿನ ಮೈಮೇಲೆ ಕೆತ್ತಿದ್ದನ್ನು ಓದಿ ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು. 100 ಆಂಪ್/75 ಮಿಲಿವೋಲ್ಟ್ ಶಂಟಿದ್ದರೆ ಏಳೂವರೆ ಪಟ್ಟು ತಪ್ಪುತ್ತದೆ, ಅದಂತೂ ಯಾರ ಕಣ್ಣಿಗೂ ಬೀಳುತ್ತದೆ.

ಮೂರರಲ್ಲೂ ಒಂದೇ ಮೊತ್ತ ಹೆಚ್ಚುಕಡಿಮೆ ಬಂದರೆ, ಎಲ್ಲ ಕಡೆ 0.3 ಆಂಪ್ ಎನ್ನಿ, ಮಾನಿಟರಿನ ಸೊನ್ನೆ ಜರುಗಿದೆ. ಶಂಟಿನ ಲೋಡ್ ಕಡೆಯ ಕೇಬಲುಗಳನ್ನೆಲ್ಲ ಬಿಚ್ಚಿ, ನಿಜವಾಗಿಯೂ ಏನೂ ಹರಿಯುತ್ತಿಲ್ಲ ಎಂದು ಖಚಿತವಾದ ಮೇಲೆ ಸೊನ್ನೆ ಹೊಂದಿಸಿ. ಸ್ವಿಚ್ಚುಗಳನ್ನು ಆರಿಸಿದರೆ ಸಾಕು ಎಂದುಕೊಂಡು ಸೊನ್ನೆ ಒತ್ತಿದರೆ, ಗ್ಯಾಸ್ ಅಲಾರಮ್ಮಿನಂಥ ಸದಾ ಎಚ್ಚರವಿರುವ ಉಪಕರಣದ ಕರೆಂಟೇ ಸೊನ್ನೆಯಾಗಿ ದಾಖಲಾಗುತ್ತದೆ.

ಓದು ಅಲುಗುತ್ತಿದ್ದರೆ, ಕೇಬಲನ್ನು ಮುಟ್ಟಿ ಅಲ್ಲಾಡಿಸಿದಾಗ ಬದಲಾಗುತ್ತಿದ್ದರೆ, ಸೆನ್ಸ್ ತಂತಿಗಳನ್ನು ನೋಡಿ. ಅವು ಶಂಟಿನ ಮೇಲಿನ ಎರಡು ಪುಟ್ಟ ಸ್ಕ್ರೂಗಳಿಗೇ ಹೋಗಬೇಕು, ದಪ್ಪ ಬೋಲ್ಟುಗಳಿಗಲ್ಲ. ದಪ್ಪ ಬೋಲ್ಟಿಗೆ ಲಗ್ಗಿನ (ಕೇಬಲಿನ ತುದಿಯ ಲೋಹದ ಉಂಗುರದ) ಮೇಲೆ ಸೇರಿಸಿದರೆ ಆ ಜೋಡಣೆಯ ರೋಧವೂ ಅಳತೆಯಲ್ಲಿ ಸೇರುತ್ತದೆ. ಉಪ್ಪುಗಾಳಿಗೆ ಕಿಲುಬು ಹಿಡಿದ ಲಗ್ಗಿಗೆ 0.1 ಮಿಲಿಓಮ್ ಏನೂ ದೊಡ್ಡದಲ್ಲ, ಆದರೆ ಅಷ್ಟೇ ಸಾಕು ಓದು ಇಮ್ಮಡಿಯಾಗಲು.

ಬೋಟುಗಳ ವಿಶೇಷ ಕಾಯಿಲೆ: ಎಂಜಿನ್ ಬ್ಲಾಕಿನ ಕಳ್ಳದಾರಿ

ಎಂಜಿನ್ ಆರಿದಾಗ ಎಲ್ಲ ಸರಿ, ಚಾಲೂ ಮಾಡಿದಾಗ ಮಾತ್ರ ಲೆಕ್ಕ ಕೆಡುತ್ತದೆ ಎಂದರೆ ಮೊದಲು ಇದನ್ನೇ ಶಂಕಿಸಿ. ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಸಾಮಾನ್ಯ ಆಲ್ಟರ್ನೇಟರಿನ ನೆಗೆಟಿವ್ ಎಂದರೆ ಅದರ ಮೈಯೇ. ಮೈಯಿಂದ ಎಂಜಿನ್ ಬ್ಲಾಕಿಗೆ, ಬ್ಲಾಕಿನಿಂದ ದಪ್ಪ ಕೇಬಲಿನಲ್ಲಿ ಬ್ಯಾಟರಿಯ ನೆಗೆಟಿವಿಗೆ. ಶಂಟನ್ನು ಆಮೇಲೆ ಕೂರಿಸಿದವರು ಮನೆಬಳಕೆಯ ನೆಗೆಟಿವ್‌ಗಳನ್ನೆಲ್ಲ ಶಂಟಿನ ಲೋಡ್ ಕಡೆಗೆ ಸರಿಸಿ, ಎಂಜಿನ್ ಕೇಬಲನ್ನು ಮಾತ್ರ ಬ್ಯಾಟರಿ ಟರ್ಮಿನಲ್‌ನಲ್ಲೇ ಬಿಟ್ಟಿರುತ್ತಾರೆ. ಆಲ್ಟರ್ನೇಟರು 50 ಆಂಪ್ ತುಂಬುತ್ತಿದ್ದರೂ ಮಾನಿಟರಿಗೆ ಅದು ಕಾಣುವುದೇ ಇಲ್ಲ. ದೀಪ, ಫ್ರಿಜ್ಜುಗಳ 8 ಆಂಪ್ ಮಾತ್ರ ಕಂಡು, ಬ್ಯಾಟರಿ ಖಾಲಿಯಾಗುತ್ತಿದೆ ಎನ್ನುತ್ತದೆ. ಆಲ್ಟರ್ನೇಟರ್ ಸತ್ತಿದೆ ಎಂದು ಬಿಚ್ಚಿ ಕೊಟ್ಟವರೂ ಉಂಟು. ವೋಲ್ಟೇಜ್ ನೋಡಿದ್ದರೆ ಸಾಕಿತ್ತು: 14 ವೋಲ್ಟಿನಲ್ಲಿ ನಿಂತ 12 ವೋಲ್ಟ್ ಬ್ಯಾಟರಿ ಖಾಲಿಯಾಗುತ್ತಿರಲು ಸಾಧ್ಯವಿಲ್ಲ.

ನಿಯಮ ಕಟ್ಟುನಿಟ್ಟು: ಆ ಬ್ಯಾಟರಿ ಸಮೂಹದ ನೆಗೆಟಿವ್ ಟರ್ಮಿನಲ್ ಮೇಲೆ ಶಂಟಿಗೆ ಹೋಗುವ ಕೇಬಲನ್ನು ಬಿಟ್ಟು ಬೇರೇನೂ ಇರಬಾರದು. ಎಂಜಿನ್, ಸೋಲಾರ್ ಕಂಟ್ರೋಲರ್, ಚಾರ್ಜರ್, ಇನ್ವರ್ಟರ್ ಎಲ್ಲವೂ ಶಂಟಿನ ಆಚೆ ಬದಿಗೆ. ಸ್ಟಾರ್ಟರಿನ ಕರೆಂಟೂ ಅದರ ಮೂಲಕ ಹಾಯುವುದಾದರೆ ಶಂಟು ಅದನ್ನು ತಾಳಿಕೊಳ್ಳುವಂಥದ್ದಾಗಿರಬೇಕು. ಸತತವಾಗಿ ಹರಿಯುವ ಕರೆಂಟು ಶಂಟಿನ ಮೇಲೆ ಬರೆದ ಅಂಕಿಯ ಮೂರನೇ ಎರಡು ಭಾಗ ದಾಟದಂತೆ ನೋಡಿಕೊಳ್ಳುವುದು ರೂಢಿ.

ಕೆಲವೊಮ್ಮೆ ಕಳ್ಳದಾರಿ ಇನ್ನೂ ಸೂಕ್ಷ್ಮ. ರೇಡಿಯೊದ ಆಂಟೆನಾ ಕೇಬಲಿನ ಹೊರಹೆಣಿಗೆ ಲೋಹದ ಕಂಬಕ್ಕೂ ಅಲ್ಲಿಂದ ಎಂಜಿನ್ನಿಗೂ ತಾಗಿ ಎರಡನೇ ನೆಗೆಟಿವ್ ಆಗಿಬಿಡುತ್ತದೆ. ಒಂದು ಉಪಕರಣದ ಪಾಸಿಟಿವ್ ತಂತಿಯಲ್ಲಿ 6 ಆಂಪ್, ನೆಗೆಟಿವ್‌ನಲ್ಲಿ 5 ಎಂದು ಕಂಡರೆ ಉಳಿದ 1 ಆಂಪ್ ಹೀಗೆ ಎಲ್ಲೋ ಸುತ್ತು ಹಾಕುತ್ತಿದೆ. ಅದು ನೀರಿನಲ್ಲಿ ಮುಳುಗಿದ ಲೋಹದ ಮೂಲಕ ಹಾಯುತ್ತಿದ್ದರೆ ಮೀಟರಿನ ಲೆಕ್ಕಕ್ಕಿಂತ ದೊಡ್ಡ ತಲೆನೋವು, ಪ್ರೊಪೆಲ್ಲರನ್ನೂ ತಳದ ಫಿಟ್ಟಿಂಗುಗಳನ್ನೂ ತಿಂದುಹಾಕುತ್ತದೆ. ಆ ಸರ್ಕಿಟನ್ನು ಆರಿಸಿಟ್ಟು ದಾರಿ ಹುಡುಕಿ.

ಲೇಬಲ್ಲಿನ ವ್ಯಾಟ್ ಮತ್ತು ನಿಜದ ವ್ಯಾಟ್

ಲೇಬಲ್ಲಿನಲ್ಲಿ 60 ವ್ಯಾಟ್, 12 ವೋಲ್ಟ್ ಎಂದಿದ್ದರೆ 5 ಆಂಪ್ ಬರಲೇಬೇಕು ಎಂದು ಹಠ ಹಿಡಿಯಬಾರದು. ಉಪಕರಣದ ಸ್ವಭಾವ ನೋಡಬೇಕು. ಸುರುಳಿ ಹೀಟರಿನಂಥ ಬರೀ ರೋಧದ ಲೋಡಿಗೆ ವೋಲ್ಟೇಜ್ ಏರಿದಷ್ಟೂ ಹಸಿವು ಹೆಚ್ಚು. 12 ವೋಲ್ಟಿನಲ್ಲಿ 60 ವ್ಯಾಟ್ ಎಳೆಯುವುದು ಚಾರ್ಜಿಂಗ್ ನಡೆಯುವಾಗಿನ 13.8 ವೋಲ್ಟಿನಲ್ಲಿ 5.75 ಆಂಪ್, 79 ವ್ಯಾಟ್ ಎಳೆಯುತ್ತದೆ. ಲ್ಯಾಪ್‌ಟಾಪ್ ಚಾರ್ಜರಿನಂಥ ಎಲೆಕ್ಟ್ರಾನಿಕ್ ಲೋಡು ಇದಕ್ಕೆ ತದ್ವಿರುದ್ಧ. ಅದಕ್ಕೆ ಬೇಕಾದ್ದು 60 ವ್ಯಾಟ್, ಅಷ್ಟೇ. 12 ವೋಲ್ಟಿನಲ್ಲಿ 5 ಆಂಪ್ ಎಳೆದದ್ದು 14.2ರಲ್ಲಿ 4.2ಕ್ಕೆ ಇಳಿಯುತ್ತದೆ. ಹೀಗಾಗಿ ಎರಡು ದಿನ ಎರಡು ಓದು ಬಂದರೆ ಜೊತೆಗೆ ವೋಲ್ಟೇಜ್ ಬರೆದಿಟ್ಟಿದ್ದೀರಾ ಎಂದು ಮೊದಲು ಕೇಳಿಕೊಳ್ಳಿ.

ಬೋಟಿನ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪು ಅನೇಕರನ್ನು ದಾರಿ ತಪ್ಪಿಸುತ್ತದೆ. ಪೈಪು ಕಟ್ಟಿಕೊಂಡರೆ ಅಥವಾ ಪಂಪು ಗಾಳಿ ಕುಡಿದರೆ ಅದರ ಕರೆಂಟು ಇಳಿಯುತ್ತದೆ, ಏರುವುದಿಲ್ಲ. ನೀರು ತಳ್ಳುವ ಕೆಲಸವೇ ಇಲ್ಲವಲ್ಲ. ಕಸ ಸಿಕ್ಕಿ ಚಕ್ರವೇ ನಿಂತರೆ ಮಾತ್ರ ಕರೆಂಟು ಜಿಗಿಯುತ್ತದೆ. ಪಂಪಿನ ಲೇಬಲ್ಲಿನ ದೊಡ್ಡ ಆಂಪ್ ಅಂಕಿ ಎಷ್ಟೋ ಸಲ ಹಾಕಬೇಕಾದ ಫ್ಯೂಸಿನದ್ದು, ಓಡುವಾಗಿನದ್ದಲ್ಲ.

ತಂತಿಯಲ್ಲಿ ಕರಗುವ ವ್ಯಾಟ್

ಬೋಟಿನ ಮೂತಿಯಲ್ಲಿರುವ ಉಪಕರಣಕ್ಕೆ 6 ಚದರ ಮಿಮೀ ತಾಮ್ರದ ತಂತಿ ಎಳೆದಿದೆ, ಹೋಗಿಬರುವ ಉದ್ದ ಸೇರಿ 20 ಮೀಟರ್. ರೋಧ ಸುಮಾರು 0.057 ಓಮ್. 15 ಆಂಪ್ ಹರಿದಾಗ ಕಳೆದುಹೋಗುವುದು 0.86 ವೋಲ್ಟ್. ಬ್ಯಾಟರಿಯ ಬಳಿ 12.6 ವೋಲ್ಟ್ × 15 = 189 ವ್ಯಾಟ್, ಉಪಕರಣದ ಬಳಿ 11.74 × 15 = 176 ವ್ಯಾಟ್. ಆಂಪ್ ಎರಡೂ ಕಡೆ ಒಂದೇ, ನಡುವಿನ 13 ವ್ಯಾಟ್ ತಂತಿಯನ್ನು ಬೆಚ್ಚಗಿಡಲು ಹೋಯಿತು. ಅಮೆರಿಕದ ಬೋಟ್ ಸುರಕ್ಷತಾ ಸಂಸ್ಥೆ ಎಬಿವೈಸಿಯ ಮಾನದಂಡ ಸಂಚಾರ ದೀಪ, ತಳದ ಗಾಳಿಯನ್ನು ಹೊರಹಾಕುವ ಬಿಲ್ಜ್ ಬ್ಲೋವರಿನಂಥ ಮುಖ್ಯ ಸರ್ಕಿಟುಗಳಿಗೆ ಶೇ. 3, ಉಳಿದವಕ್ಕೆ ಶೇ. 10 ವೋಲ್ಟೇಜ್ ಕುಸಿತವನ್ನು ಮಿತಿಯಾಗಿ ಇಟ್ಟಿದೆ. ಮೇಲಿನ ಉದಾಹರಣೆ ಹತ್ತಿರ ಹತ್ತಿರ ಶೇ. 7.

ತಂತಿಯ ಲೆಕ್ಕಕ್ಕಿಂತ ಹೆಚ್ಚು ಕುಸಿತ ಕಂಡರೆ ಜೋಡಣೆಗಳನ್ನು ಒಂದೊಂದಾಗಿ ಪರೀಕ್ಷಿಸಿ. ಲೋಡು ಓಡುತ್ತಿರುವಾಗಲೇ ಮಿಲಿವೋಲ್ಟ್ ವ್ಯಾಪ್ತಿಯಲ್ಲಿ ಒಂದು ಮೊನೆ ಟರ್ಮಿನಲ್ ಕಂಬದ ಮೇಲೆ, ಇನ್ನೊಂದು ಲಗ್ಗಿನ ಮೇಲೆ. 50 ಆಂಪಿಗೆ 50 ಮಿಲಿವೋಲ್ಟ್ ಎಂದರೆ ಆ ಒಂದೇ ಜೋಡಣೆಯಲ್ಲಿ 1 ಮಿಲಿಓಮ್, 2.5 ವ್ಯಾಟ್ ಶಾಖ. ಬಿಚ್ಚಿ, ಹೊಳಪು ಬರುವಂತೆ ಉಜ್ಜಿ, ಮತ್ತೆ ಬಿಗಿಯಿರಿ.

ಇನ್ವರ್ಟರ್ ಮತ್ತು ದಡದ ಚಾರ್ಜರ್

1000 ವ್ಯಾಟಿನ ಕೆಟಲು 230 ವೋಲ್ಟಿನಲ್ಲಿ 4.35 ಆಂಪ್ ಎಳೆಯುತ್ತದೆ. ಇನ್ವರ್ಟರಿನ ದಕ್ಷತೆ ಶೇ. 90 ಎಂದರೆ ಬ್ಯಾಟರಿಯಿಂದ 1111 ವ್ಯಾಟ್ ಬರಬೇಕು. ಲೋಡಿನಲ್ಲಿ ಬ್ಯಾಟರಿ 12.3 ವೋಲ್ಟಿಗೆ ಇಳಿದರೆ ಅದು 90 ಆಂಪ್. 1000ವನ್ನು 12ರಿಂದ ಭಾಗಿಸಿ 83 ಎಂದು ನಿರೀಕ್ಷಿಸಿದವರಿಗೆ 7 ಆಂಪ್ ಸೋರಿದಂತೆ ಕಾಣುತ್ತದೆ. ಎಸಿ ಕಡೆ ಏನೂ ಹಾಕದಿದ್ದರೂ ದೊಡ್ಡ ಇನ್ವರ್ಟರುಗಳು ಚಾಲೂ ಇರುವುದಕ್ಕೇ 1ರಿಂದ 2 ಆಂಪ್ ತಿನ್ನುತ್ತವೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ನಯವಾದ ಅಲೆಯ ಬದಲು ಮೆಟ್ಟಿಲಿನಂಥ ಅಲೆ ಕೊಡುವ ಮಾಡಿಫೈಡ್ ಸೈನ್ ಇನ್ವರ್ಟರಾದರೆ ಎಸಿ ಕಡೆ ಅಂಥ ಅಲೆಯನ್ನೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್ ಇಲ್ಲದೆ ಬಂದ ಓದಿಗೆ ಬೆಲೆಯಿಲ್ಲ.

ಚಾರ್ಜರಿನಲ್ಲಿ ಇನ್ನೊಂದು ತಿರುವು: ಪವರ್ ಫ್ಯಾಕ್ಟರ್, ಅಂದರೆ ವೋಲ್ಟ್ ಆಂಪ್ ಗುಣಿಸಿ ಬಂದದ್ದರಲ್ಲಿ ನಿಜದ ವ್ಯಾಟ್ ಎಷ್ಟು ಪಾಲು ಎಂಬುದು. ಬ್ಯಾಟರಿಗೆ 30 ಆಂಪ್, 14.2 ವೋಲ್ಟ್, ಅಂದರೆ 426 ವ್ಯಾಟ್ ಹೋಗುತ್ತಿದೆ. ದಕ್ಷತೆ ಶೇ. 87 ಆದರೆ ದಡದಿಂದ 490 ವ್ಯಾಟ್ ಬರಬೇಕು, 230 ವೋಲ್ಟಿನಲ್ಲಿ 2.1 ಆಂಪ್. ಆದರೆ ಕ್ಲ್ಯಾಂಪು 3.3 ತೋರಿಸುತ್ತದೆ. ಪವರ್ ಫ್ಯಾಕ್ಟರ್ ತಿದ್ದುಪಡಿ ಇಲ್ಲದ ಚಾರ್ಜರು ಅಲೆಯ ತುದಿಯಲ್ಲಷ್ಟೇ ಕರೆಂಟನ್ನು ಗಬಕ್ಕನೆ ಎಳೆಯುತ್ತದೆ, ಅದರ ಪವರ್ ಫ್ಯಾಕ್ಟರ್ 0.65ರ ಆಸುಪಾಸಿನಲ್ಲಿರುತ್ತದೆ. ಎಸಿ ಕಡೆ ವೋಲ್ಟನ್ನು ಆಂಪಿನಿಂದ ಗುಣಿಸಿದರೆ ಸಿಗುವುದು ವಿಎ (ವೋಲ್ಟ್-ಆಂಪ್), ವ್ಯಾಟ್ ಅಲ್ಲ. ಯೂನಿಟ್ ಮೀಟರು ವ್ಯಾಟನ್ನೇ ಎಣಿಸುತ್ತದೆ, ದಡದ ಬ್ರೇಕರು ಮಾತ್ರ ಪೂರಾ 3.3 ಆಂಪನ್ನೂ ಹೊರಬೇಕು.

ಹಂತ ಹಂತವಾಗಿ ತಾಳೆ ನೋಡುವುದು

1. ಎಂಜಿನ್, ಚಾರ್ಜರ್ ಆರಿಸಿ. ಸೋಲಾರನ್ನು ಪ್ಯಾನೆಲ್ ಕಡೆಯಿಂದ ಮೊದಲು ಬೇರ್ಪಡಿಸಿ, ಬ್ಯಾಟರಿ ಕಡೆಯಿಂದಲ್ಲ. ಎಲ್ಲ ಲೋಡುಗಳನ್ನೂ ಆರಿಸಿ. ಮಾನಿಟರಿನಲ್ಲಿ ಉಳಿದ ಕರೆಂಟನ್ನು ಬರೆದುಕೊಂಡು, ಅದು ಯಾವ ಉಪಕರಣದ್ದು ಎಂದು ಫ್ಯೂಸ್ ಕೀಳುತ್ತಾ ಹುಡುಕಿ.

2. ಕರೆಂಟು ಏರಿಳಿಯದ ಒಂದು ಲೋಡನ್ನು ಹಾಕಿ. ಫ್ರಿಜ್ಜು ಬೇಡ, ಅದು ಓಡಿ ನಿಲ್ಲುತ್ತದೆ. ಬ್ಯಾಟರಿ ಕೇಬಲ್, ಶಂಟಿನ ಆಚೆ, ಫ್ಯೂಸ್ ಪೆಟ್ಟಿಗೆ, ಉಪಕರಣದ ಬಳಿ, ನಾಲ್ಕೂ ಕಡೆ ಕ್ಲ್ಯಾಂಪ್ ಹಾಕಿ. ಮೊದಲ ಹಂತದ ಉಳಿಕೆ ಹರಿಯುವ ಕಡೆಗಳಲ್ಲಿ ಅದನ್ನು ಕಳೆದ ಮೇಲೆ ನಾಲ್ಕೂ ಒಂದೇ ಆಗಬೇಕು.

3. ನೆಗೆಟಿವ್ ತಂತಿಗಳೆಲ್ಲ ಬಂದು ಸೇರುವ ಲೋಹದ ಪಟ್ಟಿಗೆ, ಅಂದರೆ ನೆಗೆಟಿವ್ ಬಸ್‌ಬಾರಿಗೆ ಬರುವ ಒಂದೊಂದು ತಂತಿಯನ್ನೂ ಅಳೆದು ಕೂಡಿಸಿ. ಮೊತ್ತ ಶಂಟಿನ ಓದಿಗೆ ಸಮನಾಗಬೇಕು. ಆಗದಿದ್ದರೆ ಯಾವುದೋ ತಂತಿ ಬಸ್‌ಬಾರ್ ತಪ್ಪಿಸಿ ಬ್ಯಾಟರಿಗೆ ಹೋಗಿದೆ.

4. ಈಗ ಸೋಲಾರ್, ಎಂಜಿನ್, ದಡದ ಚಾರ್ಜರ್, ಒಂದೊಂದಾಗಿ ಸೇರಿಸಿ. ಪ್ರತಿ ಸಲವೂ ಮೂಲದ ಹೊರಹರಿವಿನಿಂದ ಲೋಡನ್ನು ಕಳೆದರೆ ಬ್ಯಾಟರಿಯ ಓದು ಬರಬೇಕು.

ಎಲ್ಲ ಓದುಗಳೂ ಒಂದೇ ಕ್ಷಣದ್ದಾಗಿರಬೇಕು. ಮೋಡ ಸರಿದರೆ ಸೋಲಾರು ಸೆಕೆಂಡಿನಲ್ಲಿ ಬದಲಾಗುತ್ತದೆ, ಮಾನಿಟರು ಸರಾಸರಿ ತೆಗೆದು ತಡವಾಗಿ ತೋರಿಸುತ್ತದೆ. ಪರದೆಗಳನ್ನೆಲ್ಲ ಫೋನಿನಲ್ಲಿ ಒಂದೇ ವಿಡಿಯೊ ತೆಗೆದು ಆಮೇಲೆ ನಿಧಾನವಾಗಿ ಓದುವುದು ಸುಲಭ. ಇಷ್ಟಾದ ಮೇಲೂ 10 ಆಂಪಿಗೆ ಮೇಲ್ಪಟ್ಟ ಕರೆಂಟಿನಲ್ಲಿ ಶೇ. 5ರೊಳಗಿನ ವ್ಯತ್ಯಾಸ ಉಳಿದರೆ ಅದನ್ನು ಬೆನ್ನಟ್ಟಬೇಡಿ, ಮೀಟರುಗಳ ನಿಖರತೆಯೇ ಅಷ್ಟು.

ದಿನಗಳ ಮೇಲೆ ಬೆಳೆಯುವ ತಪ್ಪು

ಕ್ಷಣದ ಓದಿನಲ್ಲಿ ಕಾಣದ 0.2 ಆಂಪ್ ಸೊನ್ನೆದೋಷ ದಿನಕ್ಕೆ 4.8 ಆಂಪ್-ಅವರ್, ವಾರಕ್ಕೆ 33ಕ್ಕೂ ಹೆಚ್ಚು. ಕೆಲವು ಮಾನಿಟರುಗಳು 0.1 ಆಂಪಿಗಿಂತ ಕಡಿಮೆಯದ್ದನ್ನು ಸೊನ್ನೆ ಎಂದೇ ಎಣಿಸುತ್ತವೆ. ನಿಲ್ಲಿಸಿಟ್ಟ ಬೋಟಿನಲ್ಲಿ 0.08 ಆಂಪ್ ಸದಾ ಹರಿಯುತ್ತಿದ್ದರೆ ತಿಂಗಳಿಗೆ 58 ಆಂಪ್-ಅವರ್ ಖಾಲಿಯಾದರೂ ಪರದೆ ಶೇ. 100 ಎಂದೇ ಹೇಳುತ್ತಿರುತ್ತದೆ.

ಆಂಪ್-ಅವರ್ ಮತ್ತು ವ್ಯಾಟ್-ಅವರ್ ಲೆಕ್ಕಗಳು ಎಂದೂ ಒಂದಕ್ಕೊಂದು ಸರಿಹೋಗುವುದಿಲ್ಲ, ಹೋಗಲೂಬಾರದು. ಸೀಸ-ಆಮ್ಲ ಬ್ಯಾಟರಿಯಿಂದ 12.4 ವೋಲ್ಟಿನಲ್ಲಿ 100 ಆಂಪ್-ಅವರ್ ತೆಗೆದರೆ 1240 ವ್ಯಾಟ್-ಅವರ್. ಮರಳಿ ತುಂಬಲು ಸುಮಾರು 110 ಆಂಪ್-ಅವರ್ ಬೇಕು, ಅದೂ 14.2 ವೋಲ್ಟಿನ ಆಸುಪಾಸಿನಲ್ಲಿ, ಅಂದರೆ 1560 ವ್ಯಾಟ್-ಅವರ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಆಂಪ್-ಅವರ್ ಹೆಚ್ಚುಕಡಿಮೆ ಪೂರ್ತಿ ಮರಳುತ್ತದೆ. ಮಾನಿಟರಿನ ಚಾರ್ಜ್ ದಕ್ಷತೆಯ ಸೆಟ್ಟಿಂಗನ್ನು ಬ್ಯಾಟರಿಯ ಜಾತಿಗೆ ತಕ್ಕಂತೆ ಇಡಿ: ಸೀಸ-ಆಮ್ಲಕ್ಕೆ ಶೇ. 90ರ ಆಸುಪಾಸು, ಲಿಥಿಯಂಗೆ ಶೇ. 99. ಬ್ಯಾಟರಿ ಬದಲಿಸಿದವರು ಇದೊಂದನ್ನು ಮರೆಯುವುದು ಬಹಳ. ಆಮೇಲೆ ಬ್ಯಾಟರಿಯನ್ನು ಪೂರಾ ತುಂಬಿಸಿ, ಚಾರ್ಜ್ ಕರೆಂಟು ತಾನಾಗಿ ಇಳಿದು ತೀರಾ ಕಡಿಮೆಯಾಗುವವರೆಗೆ ಕಾಯ್ದು, ಅಲ್ಲಿ ಮಾನಿಟರನ್ನು ಶೇ. 100ಕ್ಕೆ ಹೊಂದಿಸಿ.